ಇಲ್ಲದ ಗೋಳಿಮರದ ಹತ್ತಿರ

ಏಳನೆಯ ಕಂತು

"ಇನ್ನೊಂದು ಸಲ ಹಾಕು ಮಗಳೇ," ಎಂದರು ಚಿದಾನಂದ.

ಆಫ್ರಾ ಬೇಸರಿಸಲಿಲ್ಲ. ಬಿ.ಸಿ.ರೋಡಿನ ಆ ಪುಟ್ಟ ಕೋಣೆಯಲ್ಲಿ ಪರದೆಗಳ ಮುಂದೆ ಕೂತು ಆಂಬುಲೆನ್ಸುಗಳಿಗೆ ದಾರಿ ಹೇಳುವ ನರ್ಸ್ ಅವಳು. ಬೆಳಗ್ಗಿನಿಂದ ಅದೇ ರೆಕಾರ್ಡಿಂಗನ್ನು ಹಾಕಿ ಹಾಕಿ ಅವಳಿಗೂ ಬಾಯಿಪಾಠವಾಗಿತ್ತು. ಆದರೂ ಮರುಮಾತಿಲ್ಲದೆ ಮತ್ತೆ ಹಾಕಿದಳು.

ಮೊದಲು ಕಂಡದ್ದು ಬರೀ ಆಕಾಶ, ಅಂಚಿನಲ್ಲಿ ಒಂದಿಷ್ಟು ಹುಲ್ಲು. ರಸ್ತೆಬದಿಗೆ ಹಾರಿಬಿದ್ದ ವಿಸ್ಮಿತಾಳ ಫೋನಿಗೆ ಕಂಡದ್ದು ಅಷ್ಟೇ. ಕಳೆದ ಶನಿವಾರ ಹಾಡುಹಗಲೇ, ಮಡಂತ್ಯಾರು ದಾಟಿದ ಮೇಲಿನ ಹೊಸ ಹೆದ್ದಾರಿಯಲ್ಲಿ ಚಿದಾನಂದರ ಮಗಳು ವಿಸ್ಮಿತಾಳ ಸ್ಕೂಟರಿಗೆ ಯಾವುದೋ ವಾಹನ ಹೊಡೆದು ಪರಾರಿಯಾಗಿತ್ತು. ಹಿಂದಿನ ಕಥೆ ಇಷ್ಟು ನೆನಪಿದ್ದರೆ ಸಾಕು.

ಜೋರು ಹೊಡೆತ ಬಿದ್ದರೆ ಫೋನೇ ಈ ಕೋಣೆಗೆ ವಿಡಿಯೋ ಕರೆ ಮಾಡುವಂಥ 'ಆಸರೆ' ಎಂಬ ಆ್ಯಪನ್ನು ಹುಡುಗಿ ಹಾಕಿಕೊಂಡಿದ್ದಳು. ಹಾಕಿಕೊಂಡ ದಿನ ಅಪ್ಪ ತಮಾಷೆ ಮಾಡಿದ್ದರು: "ಬಿದ್ದವರನ್ನು ಎತ್ತಲಿಕ್ಕೆ ಊರಲ್ಲಿ ಜನ ಇಲ್ವಾ? ಅದಕ್ಕೂ ಫೋನು ಬೇಕಾ?" ಈಗ ಆ ಮಾತು ನೆನಪಾದಾಗಲೆಲ್ಲ ಅವರು ನಾಲಗೆ ಕಚ್ಚಿಕೊಳ್ಳುತ್ತಿದ್ದರು.

ರೆಕಾರ್ಡಿಂಗಿನಲ್ಲಿ ಸದ್ದು ಶುರುವಾಯಿತು. ಒಂದು ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ಅದರ ಹಿಂದೆಯೇ ಟುಂಯ್ ಟುಂಯ್ ಎಂದು ಸಣ್ಣ ಗಂಟೆಯಂಥ ಸದ್ದು. ವಾಹನವೊಂದು ಹೊರಟುಹೋಯಿತು.

"ನಿಲ್ಲಿಸು," ಎಂದರು ಚಿದಾನಂದ. "ಈ ಟುಂಯ್ ಟುಂಯ್ ಎಂತದು?"

"ಸೀಟ್ ಬೆಲ್ಟ್ ಹಾಕದಿದ್ರೆ ಹೊಸ ಕಾರುಗಳಲ್ಲಿ ಬರ್ತದಲ್ಲ ಅಂಕಲ್, ಅದು."

ಚಿದಾನಂದ ತಲೆಯಾಡಿಸಿದರು. ಪೊಲೀಸರು ಈ ಕೇಸಿನಲ್ಲಿ ಎಳೆದು ತಂದು ಕೂರಿಸಿದ್ದು ಎಳನೀರ ಬೊಂಡ ಸಾಗಿಸುವ ಟೆಂಪೋದ ನೋಣಯ್ಯನನ್ನು. ಅವನ ಟೆಂಪೋದ ಮುಂಭಾಗ ನಜ್ಜುಗುಜ್ಜಾಗಿತ್ತು. ಹೋರಿಗೆ ಗುದ್ದಿದ್ದು ಎಂದು ಅವನು ಗೋಳಾಡುತ್ತಿದ್ದ. ಆ ಟೆಂಪೋಗೆ ಸೀಟ್ ಬೆಲ್ಟ್ ಹಾಗಿರಲಿ, ಬಾಗಿಲನ್ನೇ ಹಗ್ಗದಲ್ಲಿ ಕಟ್ಟಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಆದರೆ ಈ ಟುಂಯ್ ಟುಂಯ್ ಹಿಡಿದುಕೊಂಡು ಠಾಣೆಗೆ ಹೋದರೆ ಎಸ್‌ಐ ಸಾಹೇಬರು ನಗುತ್ತಾರೆ. ಕಣ್ಣಾರೆ ಕಂಡವರು ಬೇಕು.

ಕಂಡವನು ಒಬ್ಬನಿದ್ದ. ಅವನ ಎರಡು ಕೈಗಳು ಈ ಪರದೆಯಲ್ಲೇ ಇದ್ದವು.

"ಮುಂದೆ ಹಾಕುವ," ಎಂದಳು ಆಫ್ರಾ.

ಈಗ ಅವಳದೇ ದನಿ. "ಆಸರೆಯಿಂದ ಆಫ್ರಾ ಮಾತಾಡ್ತಾ ಇದ್ದೇನೆ. ಅಲ್ಲಿ ಯಾರಾದ್ರೂ ಇದ್ದೀರಾ? ಹತ್ರ ಯಾರಾದ್ರೂ ಇದ್ರೆ ದಯವಿಟ್ಟು ಹೋಗ್ಬೇಡಿ."

ಓಡಿಬಂದ ಹೆಜ್ಜೆಗಳ ಸದ್ದು. ಗಂಡಸಿನ ಏದುಸಿರು. "ಇದ್ದೇನೆ, ಇದ್ದೇನೆ. ತುಂಬಾ ರಕ್ತ ಹೋಗ್ತಾ ಉಂಟು ಇವರಿಗೆ."

"ಎಲ್ಲಿ ಇರೋದು ನೀವು?"

"ಗೋಳಿಮರದ ಹತ್ರ. ಬೇಗ ಬನ್ನಿ."

ಆಮೇಲೆ ಫೋನನ್ನು ಗಾಯ ಕಾಣುವ ಹಾಗೆ ಇಡಲು ಆಫ್ರಾ ಹೇಳಿದ್ದು, ಕೆಂಪು-ಬಿಳಿ ಚೌಕಳಿಯ ವಸ್ತ್ರವೊಂದು ಮಡಚಿ ತೊಡೆಯ ಮೇಲೆ ಬಂದದ್ದು, ಅದರ ಮೇಲೆ ಎರಡು ಕೈ ಊರಿದ್ದು. ಬಲಗೈಯ ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟಗಾಯದ ಕಲೆ. ಎತ್ತಿ ನೋಡಬೇಡಿ, ಒತ್ತಿಯೇ ಹಿಡೀರಿ ಎಂದು ಆಫ್ರಾ ಹೇಳುತ್ತಲೇ ಇದ್ದಳು. ಆ ಕೈಗಳು ಬಿಡಲಿಲ್ಲ. ಆಂಬುಲೆನ್ಸಿನವರು ಬಂದು ಗಾಯವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆಯೇ ಅವು ಪರದೆಯಿಂದ ಸರಿದವು. ಮತ್ತೆ ಅವನನ್ನು ಯಾರೂ ನೋಡಲಿಲ್ಲ.

ಆ ಕೈ ಬಿಟ್ಟಿದ್ದರೆ ನಿಮ್ಮ ಮಗಳು ಆಂಬುಲೆನ್ಸಿನವರೆಗೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರು. ತಲೆಗೆ ಬಿದ್ದ ಪೆಟ್ಟಿನಿಂದ ವಿಸ್ಮಿತಾ ಇನ್ನೂ ಕಣ್ಣು ತೆರೆದಿರಲಿಲ್ಲ, ಆದರೆ ಉಸಿರಾಡುತ್ತಿದ್ದಳು. ಕ್ರೈಂ ಬ್ರಾಂಚಿನಲ್ಲಿ ತಲೆ ನರೆಸಿಕೊಂಡು ಹೆಡ್ ಕಾನ್‌ಸ್ಟೇಬಲ್ ಆಗಿಯೇ ನಿವೃತ್ತರಾದ ಚಿದಾನಂದ ತಮ್ಮ ಜೀವಮಾನದಲ್ಲಿ ಕೈಗಳನ್ನು ನೋಡಿದ್ದು ಬೆರಳಚ್ಚು ತೆಗೆಯಲು, ಇಲ್ಲವೇ ಕೋಳ ತೊಡಿಸಲು. ಈ ಎರಡು ಕೈಗಳನ್ನು ಮಾತ್ರ ಅವರಿಗೆ ಒಮ್ಮೆ ಕಣ್ಣಿಗೆ ಒತ್ತಿಕೊಳ್ಳಬೇಕಿತ್ತು.

"ಆ ವಸ್ತ್ರ ಒಗೆದು ಇಟ್ಟಿದ್ದೇನೆ ಚಿದಣ್ಣ," ಎನ್ನುತ್ತ ಬಾಗಿಲಲ್ಲಿ ನಿಂತ ಅಸ್ಕರ್. ಅಂದು ಆಂಬುಲೆನ್ಸ್ ಓಡಿಸಿದವನು ಅವನೇ. "ಪೊಲೀಸರಿಗೆ ಫೋಟೋ ಸಾಕಂತೆ. ಹೊರಗಿನ ಲಾರಿ ಡ್ರೈವರನದ್ದು ಇರ್ಬೇಕು ಅಂತ ಬಿಟ್ಟರು."

"ನೀನು ಎಂತ ಹೇಳ್ತಿ?"

ಮಾತು ನಡೆದದ್ದು ತುಳುವಿನಲ್ಲಿ. ಅಸ್ಕರನ ತುಳುವಿನಲ್ಲಿ ಬೈಗುಳದ ಒಗ್ಗರಣೆ ತುಸು ಹೆಚ್ಚು; ಅದನ್ನು ಸೋಸಿ ಕನ್ನಡದಲ್ಲಿ ಬಡಿಸುವುದು ನಮ್ಮ ಪಾಲಿಗೆ ಬಂದ ಕೆಲಸ.

"ಲಾರಿಯವನಿಗೆ ಗೋಳಿಮರ ಎಲ್ಲಿಂದ ಗೊತ್ತು ಮಾರಾಯ್ರೆ? ಅವ ನಮ್ಮ ಕಡೆಯವನೇ. ಆದ್ರೆ ನನ್ನನ್ನು ದಾರಿ ತಪ್ಪಿಸ್ತಿದ್ದ, ಸ್ವಲ್ಪದರಲ್ಲಿ ಬಚಾವು."

"ಹೇಗೆ?"

"ಗೋಳಿಮರ ಈಗ ಅಲ್ಲಿ ಉಂಟಾ?"

ಚಿದಾನಂದ ಕುರ್ಚಿಯಲ್ಲಿ ನೆಟ್ಟಗಾದರು.

ರಸ್ತೆ ಅಗಲ ಮಾಡುವಾಗ ಆ ಮರವನ್ನು ಕಡಿಯಲು ಊರವರು ಬಿಡಲಿಲ್ಲ. ಹಿಂದೂ, ಬ್ಯಾರಿ, ಕ್ರಿಶ್ಚಿಯನ್ ಎನ್ನದೆ ಎಲ್ಲರೂ ನಿಂತು, ಬುಡಸಮೇತ ಎಬ್ಬಿಸಿ, ದೊಡ್ಡ ಲಾರಿಯಲ್ಲಿ ಮಲಗಿಸಿ, ಒಳಗಿನ ಶಾಲೆಯ ಮೈದಾನದ ಬದಿಯಲ್ಲಿ ನೆಟ್ಟಿದ್ದರು. ಅಂದು ಶಾಲೆಗೆ ರಜೆ, ಬಂದವರಿಗೆಲ್ಲ ಪಾಯಸ. ಅಂದಿನಿಂದ ಗೋಳಿಮರವೆಂದರೆ ಶಾಲೆಯ ಹತ್ತಿರ. ಹೆದ್ದಾರಿಯ ಹಳೆಯ ಜಾಗಕ್ಕೆ, ಅಲ್ಲಿ ಕಟ್ಟಿದ ಕಿರುಸೇತುವೆಯಿಂದಾಗಿ, ಹೊಸಸಂಕ ಎಂಬ ಹೆಸರು ಬಿತ್ತು.

"ಗುಡ್ಡದ ಎಡೆಯಲ್ಲಿ ನೆಟ್‌ವರ್ಕ್ ಸರಿ ಇಲ್ಲ. ಮ್ಯಾಪಿನಲ್ಲಿ ಜಾಗ ಚುಕ್ಕಿಯಾಗಿ ಬರ್ಲೇ ಇಲ್ಲ, ಇಷ್ಟು ದೊಡ್ಡ ವೃತ್ತ ಬಂತು," ಎಂದಳು ಆಫ್ರಾ. "ಶಾಲೆಯೂ ಅದರೊಳಗೆ, ಹೆದ್ದಾರಿಯೂ ಅದರೊಳಗೆ. ನಾನು ಬಂಟ್ವಾಳದವಳು, ನನಗೆ ಗೋಳಿಮರವೂ ಗೊತ್ತಿಲ್ಲ, ಸಂಕವೂ ಗೊತ್ತಿಲ್ಲ. ಅಸ್ಕರಣ್ಣನಿಗೆ ಆ ದನಿಯನ್ನೇ ಕೇಳಿಸಿದೆ."

"ಹಿಂದಿನಿಂದ ಲಾರಿಗಳ ಹಾರ್ನ್ ಕೇಳ್ತಿತ್ತು," ಎಂದ ಅಸ್ಕರ್. "ಶಾಲೆಯ ರಸ್ತೆಗೆ ಯಾವ ಲಾರಿ ಬರ್ತದೆ? ಸೀದಾ ಹೊಸಸಂಕಕ್ಕೆ ಬಿಟ್ಟೆ. ಮತ್ತೆ ನಿಮ್ಮ ಮಗಳನ್ನು ಹತ್ತಿಸಿಕೊಂಡು ಹಳೆ ಅಭ್ಯಾಸದಲ್ಲಿ ಕಣ್ಣುಮುಚ್ಚಿ ಮಂಗಳೂರಿಗೇ ಹೊರಟಿದ್ದೆ. ಈ ಹುಡುಗಿ ಬಿಡ್ಲಿಲ್ಲ. ಬಿ.ಸಿ.ರೋಡಿನಲ್ಲಿ ಬ್ಲಾಕ್ ಉಂಟು, ವೇಣೂರಿನ ಮೇಲೆ ಮೂಡುಬಿದಿರೆಗೆ ಹೋಗಿ, ಅಲ್ಲಿ ರಕ್ತ ತಯಾರು ಉಂಟು ಅಂದಳು."

ಚಿದಾನಂದ ಇಬ್ಬರ ಮುಖವನ್ನೂ ನೋಡಿದರು. ಇವರಿಗೆ ಹೇಗೆ ಉಪಕಾರ ಹೇಳುವುದೆಂದು ತಿಳಿಯದೆ, ಬರುವಾಗ ಕಲ್ಲಡ್ಕದಲ್ಲಿ ಕಟ್ಟಿಸಿಕೊಂಡು ಬಂದಿದ್ದ ಹಲ್ವದ ಪೊಟ್ಟಣವನ್ನು ಮೇಜಿನ ಮೇಲೆ ಇನ್ನೊಮ್ಮೆ ಮುಂದಕ್ಕೆ ತಳ್ಳಿದರು.

"ಹಾಗಾದರೆ ಈ ಮನುಷ್ಯ ಊರವನು, ಆದರೆ ಮರ ಎಬ್ಬಿಸಿದ್ದು ಅವನಿಗೆ ಗೊತ್ತಿಲ್ಲ," ಎಂದರು. "ಅದಕ್ಕಿಂತ ಮೊದಲೇ ಊರು ಬಿಟ್ಟವನು. ಮತ್ತೆ ಒಮ್ಮೆಯೂ ಬಾರದವನು. ದನಿಯಲ್ಲಿ ಬ್ಯಾರಿಯ ರಾಗ ಉಂಟು. ಈ ಚೌಕಳಿ ವಸ್ತ್ರ ಗಲ್ಫಿನದ್ದು."

"ನಮ್ಮಲ್ಲಿ ಗಲ್ಫಿಗೆ ಹೋದವರನ್ನು ಹುಡುಕೋದಾ? ಹೋಗದವರನ್ನು ಹುಡುಕುವುದು ಸುಲಭ."

"ಹೋದವರು ಮದುವೆಗೋ ಹಬ್ಬಕ್ಕೋ ಬಂದು ಹೋಗ್ತಾರಲ್ಲ. ಒಮ್ಮೆಯೂ ಬಾರದವರು?"

ಅಸ್ಕರ್ ಗಡ್ಡ ತುರಿಸಿಕೊಂಡ. "ಬೀಫಾತಿಮ್ಮನ ಮಗ. ಉನೈಸ್. ದಮ್ಮಾಮಿಗೆ ಹೋದವ, ಅಪ್ಪ ತೀರಿದಾಗಲೂ ರಜೆ ಸಿಗ್ಲಿಲ್ಲ. ಆದ್ರೆ ಅವ ಈಗಲೂ ಅಲ್ಲೇ ಇದ್ದಾನಲ್ಲ ಚಿದಣ್ಣ. ಬಂದಿದ್ರೆ ಊರಿಗೇ ಗೊತ್ತಾಗ್ತಿತ್ತು."

"ಹೋಗುವ," ಎಂದು ಚಿದಾನಂದ ಎದ್ದರು. ಆಗ ಅವರ ಮಂಡಿನೋವು ಎಲ್ಲಿ ಹೋಗಿತ್ತೋ.

ಆಂಬುಲೆನ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದಾಗ ಫೋನ್ ಬಂತು. ವಿಸ್ಮಿತಾಳನ್ನು ಮದುವೆಯಾಗಲಿರುವ ಮನ್ವಿತ್.

"ಮಾವ, ಊಟ ಆಯ್ತಾ? ನಾನು ಆಸ್ಪತ್ರೆಯಲ್ಲಿದ್ದೇನೆ. ನೀವು ನಿಧಾನಕ್ಕೆ ಬನ್ನಿ. ಯಾರಾದ್ರೂ ಸಿಕ್ಕಿದ್ರಾ?"

"ಹುಡುಕ್ತಾ ಇದ್ದೇನೆ ಮಗಾ. ಅವಳು?"

"ಹಾಗೇ ಇದ್ದಾಳೆ. ಇನ್ನೂ ಎಂತದೂ ಮಾತಾಡ್ಲಿಲ್ಲ."

ಫೋನಿಟ್ಟ ಚಿದಾನಂದರ ಎದೆ ತುಂಬಿ ಬಂತು. ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ ಮಾಡುವ ಹುಡುಗ. ಅಪಘಾತವಾದ ದಿನ ಎಲ್ಲರಿಗಿಂತ ಮೊದಲು ರಕ್ತ ಕೊಟ್ಟವನು. ಕಾರು ಗ್ಯಾರೇಜಿನಲ್ಲಿದೆ ಎಂದು ದಿನವೂ ಬಸ್ಸಿನಲ್ಲೇ ನೇತಾಡಿಕೊಂಡು ಬರುತ್ತಿದ್ದ. ಉಪವಾಸ ಕೂತಿದ್ದ ಅತ್ತೆಗೆ ಮೂಸಂಬಿ ಬಿಡಿಸಿ, ಒತ್ತಾಯ ಮಾಡಿ ತಿನ್ನಿಸಿದ್ದ. ಮೊನ್ನೆ ಚಿದಾನಂದ ತಡೆಯಲಾರದೆ ಅವನ ಬೆನ್ನು ತಟ್ಟಿ, ನಿನ್ನ ಋಣ ತೀರಿಸಲಿಕ್ಕೆ ನನ್ನಿಂದಾಗದು ಎಂದಿದ್ದರು.

ಇಷ್ಟು ಜನರ ಋಣ. ಫೋನಿನ ಋಣ, ಪರದೆಯ ಮುಂದೆ ಕೂತವಳ ಋಣ, ಪಕ್ಕದಲ್ಲಿ ಬೈಯುತ್ತ ಗೇರ್ ಬದಲಿಸುತ್ತಿದ್ದ ಇವನ ಋಣ. ಊರಲ್ಲಿ ಜನ ಇಲ್ವಾ ಎಂದು ತಾನು ಕೇಳಿದ್ದೂ ಪೂರ್ತಿ ತಪ್ಪಲ್ಲ. ಫೋನು ಕರೆಯಿತು, ಜನ ಎತ್ತಿದರು.

ಬೀಫಾತಿಮ್ಮನ ಮನೆ ಹೊಸಸಂಕದಿಂದ ಒಳಗೆ, ಕೆಂಪು ಗೇಟಿನದ್ದು. ಅಸ್ಕರ್ ದೂರದಲ್ಲೇ ನಿಂತ. ಆಂಬುಲೆನ್ಸ್ ಅಂಗಳಕ್ಕೆ ಬಂದರೆ ಕೇರಿಯೇ ಸೇರುತ್ತದೆ.

ಅಂಗಳದಲ್ಲಿ ಬಟ್ಟೆ ಒಣಗಲು ಹಾಕಿದ್ದರು. ಸೀರೆ, ಹುಡುಗಿಯ ಚೂಡಿದಾರ, ಮತ್ತು ಅವುಗಳ ನಡುವೆ ಮುದುಡಿಕೊಂಡಂತೆ ಒಂದು ಲುಂಗಿ. ಲುಂಗಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಯಜಮಾನ ತೀರಿಕೊಂಡ ಮನೆ, ಇರುವುದು ತಾಯಿ ಮತ್ತು ಮಗಳು ಸಬೀಹಾ ಇಬ್ಬರೇ ಎಂದು ಅಸ್ಕರ್ ದಾರಿಯಲ್ಲೇ ಹೇಳಿದ್ದ.

"ಬನ್ನಿ ಚಿದಾನಂದಣ್ಣ," ಎಂದು ಬೀಫಾತಿಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಜಗಲಿಗೆ ಕುರ್ಚಿ ತಂದಿಟ್ಟರು. "ಮಗಳು ಹೇಗಿದ್ದಾಳೆ? ದಿನಾ ದುವಾ ಮಾಡ್ತಾ ಇದ್ದೇನೆ."

"ನಿಮ್ಮ ದುವಾದಲ್ಲೇ ಇದ್ದಾಳೆ ಬೀಫಾತಿಮಕ್ಕ." ಅವರು ಒಗೆದು ಮಡಚಿದ ಚೌಕಳಿ ವಸ್ತ್ರವನ್ನು ತೊಡೆಯ ಮೇಲೆ ಬಿಚ್ಚಿದರು. "ಇದನ್ನು ಕೊಟ್ಟು ಹೋಗುವ ಅಂತ ಬಂದೆ."

ಆಕೆಯ ಕಣ್ಣು ಅದರ ಮೇಲೆ ಒಂದು ಗಳಿಗೆ ನಿಂತು ಸರಿದುಹೋಯಿತು. "ಇದು ನಮ್ಮದಲ್ಲ."

"ಉನೈಸನದ್ದು."

"ನನ್ನ ಮಗ ದಮ್ಮಾಮಿನಲ್ಲಿದ್ದಾನೆ. ನಿನ್ನೆಯೂ ಫೋನ್ ಮಾಡಿದ್ದ."

"ಅಲ್ಲಿಂದಲೇ ಲುಂಗಿ ಒಗೆದು ಹಾಕಿದ್ದಾನಾ?"

ಬೀಫಾತಿಮ್ಮ ಬಟ್ಟೆಯ ಹಗ್ಗದ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಉತ್ತರವಾಯಿತು. "ನಾವು ಯಾರ ಸುದ್ದಿಗೂ ಹೋಗದವರು," ಎಂದರು ಕೊನೆಗೆ. ದನಿ ಗಟ್ಟಿಯಾಗಿತ್ತು. "ಸಾಕ್ಷಿ, ಠಾಣೆ, ಕೋರ್ಟು ಎಂತದೂ ಬೇಡ ನಮಗೆ. ನೀವು ಪೊಲೀಸಿನವರು. ದಯಮಾಡಿ ಹೋಗಿ."

ಚಿದಾನಂದ ಎದ್ದರು. ಆದರೆ ಗೇಟಿನ ಕಡೆ ತಿರುಗದೆ, ಒಳಬಾಗಿಲಿನ ಹೂಗಳ ಪರದೆಯ ಎದುರು ಹೋಗಿ ನಿಂತರು.

"ನಾನು ಪೊಲೀಸಾಗಿ ಬಂದದ್ದಲ್ಲ ಬೀಫಾತಿಮಕ್ಕ. ಅಪ್ಪನಾಗಿ ಬಂದದ್ದು." ಮಾತು ತಾಯಿಗೆ, ಕಣ್ಣು ಪರದೆಗೆ. "ಗಾಯಾಳುವಿಗೆ ನೆರವಾದವರ ಹೆಸರನ್ನು ಅವರಾಗಿ ಹೇಳದಿದ್ದರೆ ಯಾರೂ ಒತ್ತಾಯಿಸಿ ಕೇಳುವ ಹಾಗಿಲ್ಲ. ಕಾನೂನೇ ಹಾಗೆ ಉಂಟು. ನಾನೂ ಕೇಳುವುದಿಲ್ಲ. ಒಂದೇ ಒಂದು ಮಾತು ಹೇಳಿ ಹೋಗ್ತೇನೆ."

ಎಂಥೆಂಥ ಕಳ್ಳರ ಬಾಯಿ ಬಿಡಿಸಿದ ಮನುಷ್ಯನಿಗೆ ತನ್ನ ಬಾಯಿಯನ್ನೇ ಬಿಡಿಸಲಾಗಲಿಲ್ಲ.

"ನನಗೆ ಒಬ್ಬಳೇ ಮಗಳು," ಎಂದರು ಕೊನೆಗೆ. "ಅವಳ ಉಸಿರು ಇವತ್ತು ಓಡ್ತಾ ಉಂಟಲ್ಲ, ಅದು ನೀನು ಕೊಟ್ಟದ್ದು ಮಗಾ. ನೀನು ಹೊರಗೆ ಬಾರದಿದ್ರೂ ಅಡ್ಡಿಯಿಲ್ಲ. ನಾನು ಇಲ್ಲಿಂದಲೇ ಕೈ ಮುಗೀತೇನೆ."

ಮುಗಿದೇಬಿಟ್ಟರು.

ಪರದೆ ಅಲುಗಿತು. ಮೊದಲು ಬಂದದ್ದು ಒಂದು ಕೈ. ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ.

"ಹಾಗೆಲ್ಲ ಮಾಡ್ಬೇಡಿ ಅಂಕಲ್. ನೀವು ದೊಡ್ಡವರು," ಎನ್ನುತ್ತ ತೆಳ್ಳಗಿನ ಯುವಕನೊಬ್ಬ ಹೊರಬಂದ.

ಚಿದಾನಂದ ಆ ಎರಡು ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡರು. ಬೀಫಾತಿಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದರು. ಸ್ವಲ್ಪ ಹೊತ್ತು ಮೂವರೂ ಅತ್ತರು. ಪತ್ತೇದಾರಿ ಕಥೆಯಲ್ಲಿ ಇಷ್ಟು ಅಳು ಸಲ್ಲದು ಎನ್ನುವವರು ಮಗಳನ್ನು ಸಾವಿನ ಬಾಯಿಂದ ಪಡೆದು ನೋಡಲಿ.

ಸುಲೈಮಾನಿ ಚಹಾ ಬಂತು. ಕಥೆಯೂ ಬಂತು. ದಮ್ಮಾಮಿನ ಕಂಪನಿ ಬಾಗಿಲು ಹಾಕಿತ್ತು. ಗಲ್ಫಿನಿಂದ ಬರುವವನೆಂದರೆ ವಿಮಾನ ನಿಲ್ದಾಣಕ್ಕೆ ಕಾರು ತುಂಬ ಜನ ಹೋಗಬೇಕು, ಹಗ್ಗ ಬಿಗಿದ ಪೆಟ್ಟಿಗೆಗಳು ಮನೆಗೆ ಬರಬೇಕು, ನೆರೆಯವರಿಗೆಲ್ಲ ಒಂದೊಂದು ಸೆಂಟು ಬಾಟಲಿ ಹಂಚಬೇಕು. ಉನೈಸ್ ಬರಿಗೈಯಲ್ಲಿ, ಬೆನ್ನಿಗೊಂದು ಚೀಲ ಹಾಕಿಕೊಂಡು, ಲೈನ್ ಬಸ್ಸಿನಲ್ಲಿ ಬಂದಿದ್ದ. ತಂಗಿ ಸಬೀಹಾಳಿಗೆ ಸಂಬಂಧವೊಂದು ಕೂಡಿಬಂದಿತ್ತು. ಅಣ್ಣ ಗಲ್ಫಿನಲ್ಲಿದ್ದಾನೆ ಎಂಬ ಮಾತಿನ ಮೇಲೆಯೇ ಅದು ಮುಂದುವರಿದದ್ದು. ಗಂಡಿನ ಕಡೆಯವರು ಬಂದು ಮಾತು ಗಟ್ಟಿ ಮಾಡಿ ಹೋಗುವವರೆಗೆ ಮಗ ಕೋಣೆಯಿಂದ ಹೊರಗೆ ಬರುವುದು ಬೇಡ ಎಂದು ತಾಯಿ ತೀರ್ಮಾನಿಸಿದ್ದರು.

"ಬಸ್ಸಿನಿಂದ ಇಳಿದು ನೋಡಿದ್ರೆ ಮರವೇ ಇಲ್ಲ," ಎಂದ ಉನೈಸ್. "ಬೇರೆ ಊರಿಗೆ ಬಂದೆನಾ ಅಂತ ನಿಂತುಬಿಟ್ಟೆ. ಆ ಜಾಗಕ್ಕೆ ನನಗೆ ಬೇರೆ ಹೆಸರು ಗೊತ್ತಿಲ್ಲ ಅಂಕಲ್."

"ನೀನು ನಿಂತದ್ದೇ ಒಳ್ಳೇದಾಯ್ತು."

"ಹೊಡೆದದ್ದನ್ನು ನೋಡಿದೆ. ಕಾರು ನಿಲ್ತು, ಒಬ್ಬ ಇಳಿದ. ಅವನೇ ಎತ್ತುತ್ತಾನೆ ಅಂತ ಎಣಿಸಿದೆ. ಅವ ಹೊರಟುಹೋದ. ನಾನೂ ಹೆದರಿದೆ, ಸುಳ್ಳು ಯಾಕೆ ಹೇಳ್ಲಿ. ಅಷ್ಟರಲ್ಲಿ ಹುಲ್ಲಿನ ಒಳಗಿಂದ ಒಬ್ಬರು ಅಕ್ಕನ ದನಿ. ಹೋಗ್ಬೇಡಿ, ಹೋಗ್ಬೇಡಿ ಅಂತ. ಮತ್ತೆ ಹೇಗೆ ಹೋಗುದು?"

ಚಿದಾನಂದರಿಗೆ ಆಫ್ರಾಳ ಮುಖ ನೆನಪಾಯಿತು. ಇದನ್ನು ಅವಳಿಗೆ ತಿಳಿಸಬೇಕು, ಹೆಸರು ಹೇಳದೆ.

"ಕಾರೇ ತಾನೆ? ಟೆಂಪೋ ಅಲ್ಲ?"

"ಕಾರು. ಬಿಳಿ ಬಣ್ಣ. ನಂಬರ್ ನೋಡ್ಲಿಕ್ಕೆ ಆಗ್ಲಿಲ್ಲ."

ನೋಣಯ್ಯ ಬಚಾವಾದ. ಚಿದಾನಂದ ನಿಟ್ಟುಸಿರು ಬಿಟ್ಟರು. "ಇಳಿದವನನ್ನು ಮತ್ತೆ ನೋಡಿದರೆ ಗುರುತು ಹಿಡೀತಿಯಾ?"

ಉನೈಸ್ ಚಹಾದ ಗ್ಲಾಸನ್ನು ಕೆಳಗಿಟ್ಟ. ತಾಯಿಯ ಮುಖ ನೋಡಿದ. ತಾಯಿ ತಲೆ ತಗ್ಗಿಸಿದರು. ಈ ಮಾತು ಆ ಮನೆಯಲ್ಲಿ ಮೊದಲೇ ಆಗಿಹೋಗಿತ್ತು.

"ಹೇಳು ಮಗಾ. ಯಾರಿದ್ದರೂ ಹೆದರಬೇಡ. ಉಪ್ಪು ತಿಂದವನು ನೀರು ಕುಡಿಯಲೇಬೇಕು."

"ಅವ ಬಿದ್ದವರ ಮುಖ ನೋಡಿ ಹಿಂದೆ ಸರಿದ ಅಂಕಲ್. ಗುರುತಿನವರನ್ನು ನೋಡಿದ ಹಾಗೆ. ತಲೆ ಮೇಲೆ ಕೈಯಿಟ್ಟುಕೊಂಡು ಏನೋ ಹೇಳಿದ. ಮತ್ತೆ ಹೊರಟ."

"ಎಲ್ಲಿಯ ಮನುಷ್ಯ? ಮತ್ತೆ ಎಲ್ಲಾದರೂ ಕಂಡೆಯಾ?"

"ಮೊನ್ನೆ ಮಾಸ್ಕ್ ಹಾಕಿಕೊಂಡು ಮೂಡುಬಿದಿರೆಗೆ ಹೋಗಿದ್ದೆ. ಅವರು ಬದುಕಿದ್ದಾರಾ ಅಂತ ಒಮ್ಮೆ ನೋಡ್ಬೇಕಿತ್ತು. ಗಾಜಿನ ಬಾಗಿಲಿನ ಹೊರಗೆ ನಿಂತೆ."

"ಒಳಗೆ ಬರಬೇಕಿತ್ತಲ್ಲ ಮಾರಾಯ."

"ಬರುವವನಿದ್ದೆ. ಅವ ಒಳಗೆ ಇದ್ದ."

"ಆಸ್ಪತ್ರೆಯಲ್ಲಾ? ಯಾವ ರೂಮಿನಲ್ಲಿ?"

"ಅವರ ರೂಮಿನಲ್ಲೇ. ಹಾಸಿಗೆಯ ಹತ್ರ ಕೂತು ಮೂಸಂಬಿ ಸಿಪ್ಪೆ ತೆಗೀತಾ ಇದ್ದ." ಉನೈಸನ ದನಿ ಸಣ್ಣದಾಯಿತು. "ನೀವು ಅವನ ಬೆನ್ನು ತಟ್ಟಿ ಏನೋ ಹೇಳ್ತಾ ಇದ್ರಿ. ನಿಮ್ಮ ಕಣ್ಣಲ್ಲಿ ನೀರಿತ್ತು."

ಚಿದಾನಂದ ಆ ದಿನ ಬೆನ್ನು ತಟ್ಟಿದ ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. ಗ್ಯಾರೇಜಿನಲ್ಲಿರುವ ಕಾರು. ದಿನವೂ ಬಸ್ಸು. ಇನ್ನೂ ಎಂತದೂ ಮಾತಾಡಲಿಲ್ಲ ಎಂದು ಅವನು ಹೇಳಿದ ರೀತಿ. ಇಷ್ಟು ದಿನ ಉಪಕಾರವೆಂದು ಎದೆಯಲ್ಲಿಟ್ಟುಕೊಂಡದ್ದೆಲ್ಲ ಒಂದೊಂದಾಗಿ ಎದ್ದು ಬೇರೆ ಮುಖ ತೋರಿಸತೊಡಗಿತು.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಹೆಂಡತಿ ಸೇಸಮ್ಮ. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಎಲ್ಲಿದ್ದೀರಿ? ಮಗಳು ಕಣ್ಣು ಬಿಟ್ಟಳು. ದೇವರು ದೊಡ್ಡವನು, ಕಣ್ಣು ಬಿಟ್ಟಳು."

"ನೀನು ಅವಳ ಹತ್ರ ಇದ್ದೀಯಾ?" ಎಂದರು ಚಿದಾನಂದ. ಅಷ್ಟರಲ್ಲೇ ಅವರು ಅಂಗಳಕ್ಕಿಳಿದು ಅಸ್ಕರನಿಗೆ ಕೈ ಬೀಸುತ್ತಿದ್ದರು.

"ನಾನು ಡಾಕ್ಟರನ್ನು ಹುಡುಕಿಕೊಂಡು ಕೆಳಗೆ ಬಂದೆ. ಮನ್ವಿತನೇ ಕಳಿಸಿದ, ನೀವು ಹೋಗಿ ಅತ್ತೆ, ನಾನಿದ್ದೇನಲ್ಲ ಅಂತ. ಪಾಪ, ಎಷ್ಟು ಒಳ್ಳೆ ಹುಡುಗ. ಅವನ ಮುಖ ಕಂಡ ಕೂಡ್ಲೇ ಇವಳ ಕಣ್ಣಲ್ಲಿ ನೀರು ಇಳೀಲಿಕ್ಕೆ ಶುರುವಾಯ್ತು, ಕೈ ಎಲ್ಲ ನಡುಗ್ತಾ ಉಂಟು." ಸೇಸಮ್ಮ ಮೂಗು ಒರೆಸಿಕೊಂಡಳು. "ಸಂತೋಷಕ್ಕೆ ಇರ್ಬೇಕು."